ಟಿಸಿ ನೋಡಿ ಮಶೀನು

ಕೊಳ್ಳುವುದಕ್ಕಿಂತ ಕೊಳ್ಳಬೇಕು ಎಂದುಕೊಂಡು ತಿರುಗುವುದರಲ್ಲೇ ಹೆಚ್ಚು ಸುಖ ಕೊಡುವ ಕೆಲವು ವಸ್ತುಗಳಿವೆ. ಎತ್ತು ಅಂಥದ್ದು. ನಮ್ಮ ಕಡೆಯ ರೈತರು ಸಂತೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ಬಾಲ ತಿರುವಿ ಎರಡು ಹೆಜ್ಜೆ ನಡೆಸಿ, ಕೊನೆಗೆ ಚಾ ಕುಡಿದು ಬರಿಗೈಯಲ್ಲಿ ಮನೆಗೆ ಬರುತ್ತಾರೆ. ಮುಖದ ಮೇಲೆ ಮಾತ್ರ ಜೋಡೆತ್ತು ಹೊಡೆದುಕೊಂಡು ಬಂದ ಕಳೆ ಇರುತ್ತದೆ. ನಿವೃತ್ತಿಯ ನಂತರ ನನಗೆ ಆ ಸುಖ ಕೊಟ್ಟದ್ದು ಒಂದು ವೆಲ್ಡಿಂಗ್ ಮಶೀನು.

ಹಿತ್ತಲಲ್ಲಿ ನನ್ನದೊಂದು ತಗಡಿನ ಶೆಡ್ ಇದೆ. ಒಂದು ವೈಸು, ಒಂದು ಡ್ರಿಲ್ಲು, ಒಂದು ಗ್ರೈಂಡರು, ಡಬ್ಬಿ ತುಂಬ ನಟ್ಟು ಬೋಲ್ಟು. ನಾನು ಅದಕ್ಕೆ ವರ್ಕ್‌ಶಾಪ್ ಎನ್ನುತ್ತೇನೆ, ಮನೆಯಾಕೆ ಗುಜರಿ ಎನ್ನುತ್ತಾಳೆ. ಕಬ್ಬಿಣ ಕೊಯ್ಯಲು ಬಂತು, ತೂತು ಹೊಡೆಯಲು ಬಂತು. ಇನ್ನು ಕೂಡಿಸುವುದೊಂದು ಬಂದರೆ ಮುಗಿಯಿತು ಎಂಬ ಆಸೆ ಹುಟ್ಟಿದ್ದು ಹಾಗೆ. ನಮ್ಮೂರು ವಡಗೇರಾದಲ್ಲಿ ಕಬ್ಬಿಣ ಮುರಿಯುವುದಕ್ಕೆ ಬರವಿಲ್ಲ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ಭೀಮಾ, ನಡುವೆ ಎರೆಭೂಮಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಈ ಭಾಗಕ್ಕೆ ಹರಿದ ಮೇಲೆ ಜೋಳ ತೊಗರಿಯ ಜೊತೆಗೆ ಭತ್ತ, ಹತ್ತಿ, ಮೆಣಸಿನಕಾಯಿಯೂ ಬಂದವು. ಕೆಸರಿಗೆ ಇಳಿಯುವ ಟ್ರ್ಯಾಕ್ಟರಿನ ಕೇಜ್ ವೀಲ್ ಬಿರುಕು ಬಿಡುತ್ತದೆ, ಟ್ರಾಲಿಯ ಕೊಂಡಿ ಕಿತ್ತು ಬರುತ್ತದೆ, ಎರೆಯಲ್ಲಿ ಸಿಕ್ಕ ಕುಂಟಿಯ ಕುಡ ಬಾಗುತ್ತದೆ. 2017ರ ಬಜೆಟ್ಟಿನಲ್ಲಿ ಶಹಾಪುರದಿಂದ ಬೇರೆಯಾಗಿ ತಾಲ್ಲೂಕು ಎಂದು ಹೆಸರಾದ ಮೇಲೆ ಊರಲ್ಲಿ ಶಟರ್ ಅಂಗಡಿ, ಗ್ರಿಲ್ಲು, ಗೇಟುಗಳೂ ಹೆಚ್ಚಿದವು.

ನನ್ನ ಕೆಲಸ ಇಷ್ಟು ದೊಡ್ಡದೇನಲ್ಲ. ಗೇಟಿನ ಬಿಜಾಗರಿ, ಕಬ್ಬಿಣದ ಮಂಚದ ಕಾಲು, ನೀರಿನ ಟಾಕಿಗೊಂದು ಸ್ಟ್ಯಾಂಡು. ಆದರೂ ಯಾದಗಿರಿಯ ಅಂಗಡಿಯಾತ ಮೊದಲು ತೋರಿಸಿದ್ದು ಮಿಗ್ ಮಶೀನು. ತಂತಿ ತಾನೇ ಬರುತ್ತದೆ, ಕಿಟ್ಟ ಒಡೆಯುವ ಗೋಜಿಲ್ಲ, ಕಲಿಯಲೂ ಹಗುರ. ಸುಳ್ಳಲ್ಲ. ಆದರೆ ಅದಕ್ಕೆ ಗ್ಯಾಸ್ ಸಿಲಿಂಡರ್ ಬೇಕು, ಕರಗಿದ ಲೋಹದ ಮೇಲೆ ಆ ಗ್ಯಾಸು ಅಲುಗದೆ ನಿಲ್ಲಬೇಕು. ಮೂರು ಕಡೆ ಗೋಡೆಯಿಲ್ಲದ ನನ್ನ ಶೆಡ್ಡಿಗೆ ಆಷಾಢದ ಗಾಳಿ ಬೀಸಿದರೆ ಗ್ಯಾಸಿರಲಿ, ಹೊದ್ದ ಟವೆಲ್ಲೇ ನಿಲ್ಲುವುದಿಲ್ಲ. ಟಿಗ್ ಎಂಬುದು ಸ್ಟೀಲು, ತೆಳು ತಗಡುಗಳ ನಾಜೂಕು ಕೆಲಸದವರಿಗೆ, ನೋಡಿ ಕೈಮುಗಿದೆ. ಉಳಿದದ್ದು ರಾಡಿನ ವೆಲ್ಡಿಂಗು. ರಾಡಿನ ಮೈಗೆ ಬಳಿದ ಲೇಪವೇ ಉರಿದು ಹೊಗೆಯಾಗಿ ಗಾಳಿಯನ್ನು ತಡೆಯುತ್ತದೆ, ಕಿಟ್ಟವಾಗಿ ಬೆಸುಗೆಯ ಮೇಲೆ ಹೊದಿಕೆಯಾಗುತ್ತದೆ. ರಷ್ಯಾದ ಸ್ಲಾವ್ಯಾನೋವ್ 1888ರಲ್ಲಿ ಕರಗುವ ಲೋಹದ ರಾಡಿನಿಂದ ಬೆಸೆದು ತೋರಿಸಿದ; ಆ ರಾಡಿಗೆ ಅಂಗಿ ತೊಡಿಸಿದವನು ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್. ಆತ 1904ರಲ್ಲಿ ಹುಟ್ಟುಹಾಕಿದ ಇಸಾಬ್ ಕಂಪನಿಯ ಹೆಸರು ಇವತ್ತಿಗೂ ನಮ್ಮ ಹಾರ್ಡ್‌ವೇರ್ ಅಂಗಡಿಗಳ ರಾಡಿನ ಪ್ಯಾಕೆಟ್ಟಿನ ಮೇಲಿದೆ.

ಅವರಿಬ್ಬರಿಗಿಂತ ಎಷ್ಟೋ ಮೊದಲೇ ನಮ್ಮ ಕಂಬಾರರು ಎರಡು ಕಬ್ಬಿಣವನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಬಡಿದು ಒಂದು ಮಾಡುತ್ತಿದ್ದರು. ಗಾಡಿ ಗಾಲಿಯ ಹಳಿ ಕೂಡುತ್ತಿದ್ದುದು ಹಾಗೆಯೇ. ಸುರಪುರದ ಕಡೆ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ನಡೆದುಕೊಳ್ಳುವವರಲ್ಲಿ ಕಂಬಾರರು, ಬಡಿಗೇರರು ಬಹಳ. ಹಿಂದೂ ಮುಸಲ್ಮಾನರಿಬ್ಬರೂ ಆ ಗದ್ದುಗೆಗೆ ಹೋಗುತ್ತಾರೆ. ಇತ್ತ ಮೈಲಾಪುರದ ಮೈಲಾರಲಿಂಗನ ಸಂಕ್ರಾಂತಿ ಜಾತ್ರೆಯಲ್ಲಿ ಕಬ್ಬಿಣದ ಸರಪಳಿ ಹರಿಯುವ ಆಚರಣೆಯಿದೆ. ಕೂಡಿಸುವವರ ದೇವರೂ ಹರಿಯುವವರ ದೇವರೂ ಒಂದೇ ಜಿಲ್ಲೆಯಲ್ಲಿ ಇದ್ದಾರೆ ಎಂಬುದು ನನಗೆ ಧೈರ್ಯದ ಸಂಗತಿ. ನನ್ನ ಬೆಸುಗೆ ಬಿಟ್ಟರೂ ಯಾವುದೋ ಒಬ್ಬ ದೇವರಿಗಾದರೂ ಸಲ್ಲುತ್ತದೆ.

ರಾಡಿನ ಮಶೀನಿನಲ್ಲೂ ಎರಡು ಕುಲ. ಒಂದು ಹಳೆಯ ಟ್ರಾನ್ಸ್‌ಫಾರ್ಮರ್ ಮಶೀನು: ಗಾಲಿ ಹಚ್ಚಿದ ಪೆಟ್ಟಿಗೆ, ಒಳಗೆ ತಾಮ್ರದ ಸುರುಳಿ, ಕೆಲವಕ್ಕೆ ಹೊಟ್ಟೆ ತುಂಬ ಎಣ್ಣೆ. ಎತ್ತಲು ನಾಲ್ವರು ಬೇಕು, ಕೆಡಿಸಲು ನಾಲ್ಕು ತಲೆಮಾರು ಬೇಕು. ಇನ್ನೊಂದು ಇನ್ವರ್ಟರ್: ಟಿಫಿನ್ ಬ್ಯಾಗಿನ ಹಾಗೆ ಹೆಗಲಿಗೆ ಹಾಕಿಕೊಂಡು ಹೋಗುವಂಥದ್ದು. ಇಷ್ಟು ಹಗುರ ಹೇಗಾಯಿತು ಎಂಬುದು ಸ್ವಾರಸ್ಯದ ಮಾತು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುತ್ತದೆ. ಇನ್ವರ್ಟರ್ ಅದನ್ನು ಮೊದಲು ಡಿಸಿ ಮಾಡಿ, ಮತ್ತೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕುಣಿಸುತ್ತದೆ. ಕುಣಿತ ಹೆಚ್ಚಿದಷ್ಟೂ ಅದೇ ಶಕ್ತಿ ದಾಟಿಸಲು ಬೇಕಾದ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತದೆ. ಗಡಿಗೆಯಷ್ಟಿದ್ದ ತಾಮ್ರ ಮುಷ್ಟಿಯಷ್ಟಾಗುತ್ತದೆ.

ಮನಸ್ಸು ತಾಮ್ರದ ಕಡೆಗೇ ಎಳೆಯುತ್ತಿತ್ತು. ಭಾರದ ವಸ್ತುವಿನ ಮೇಲೆ ನಮ್ಮ ತಲೆಮಾರಿಗೊಂದು ನಂಬಿಕೆ. ಅದನ್ನು ಬಿಡಿಸಿದವರು ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜ್ ಇಟ್ಟ ಕಾಕಾ.

“ಮಶೀನ್ ಆಮ್ಯಾಗ ನೋಡ್ರಿ ಮಾಸ್ತರ್ರ. ಮೊದ್ಲ ನಿಮ್ಮ ಟಿಸಿ ನೋಡ್ರಿ,” ಎಂದರು.

“ಟಿಸಿ ನೋಡಿ ಏನ್ ಮಾಡ್ಲಿ ಕಾಕಾ?”

“ಅದರ ಮ್ಯಾಗ ಎಷ್ಟ್ ಪಂಪು ಕುಂತಾವ ಎಣಿಸ್ರಿ. ಅವು ಬಿಟ್ಟಿದ್ದ ನಿಮಗ ಸಿಗೋದು.”

ಊರಂಚಿನ ಮನೆ ನಮ್ಮದು. ಕಂಬದ ಮೇಲಿನ ಟಿಸಿ, ಅಂದರೆ ಕರೆಂಟು ಹಂಚುವ ಟ್ರಾನ್ಸ್‌ಫಾರ್ಮರ್, ನಮಗೂ ಹಳ್ಳದ ದಂಡೆಯ ಪಂಪ್‌ಸೆಟ್ಟುಗಳಿಗೂ ಒಂದೇ. ಬೇಸಿಗೆ ಭತ್ತ ಹಾಕಿದಾಗ ಸಂಜೆ ಹೊತ್ತು ಗೋಡೆಯ ಮೀಟರಿನಲ್ಲಿ 230 ಇರಬೇಕಾದಲ್ಲಿ 180 ಎಂದು ತೋರುವುದುಂಟು. ಮನೆಗೆ ಬಂದು ಲೆಕ್ಕ ಹಾಕಿದೆ. 80 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮಶೀನು ರಾಡಿಗೆ 100 ಆಂಪಿಯರ್ ಕೊಡಬೇಕಾದರೆ ಸಿಂಗಲ್ ಫೇಸಿನಿಂದ ಸುಮಾರು 35 ಆಂಪಿಯರ್ ಎಳೆಯುತ್ತದೆ. ಎರಡು ಫೇಸಿಗೆ ಕೂಡಿಸಿದರೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಆದರೆ ಮನೆಗೆ ಎರಡು ಫೇಸ್ ಎಲ್ಲಿಂದ ತರುವುದು? ಇನ್ವರ್ಟರಿಗೆ ಅದೇ ಕೆಲಸಕ್ಕೆ 20ರೊಳಗೆ ಸಾಕು. ಬೆಸುಗೆಯ ಕಿಡಿಗೆ ನಿಜವಾಗಿ ಬೇಕಾದದ್ದು 24 ವೋಲ್ಟಿನ ಸುತ್ತ, ಅಂದರೆ ಎರಡೂವರೆ ಕಿಲೋವ್ಯಾಟಿನಷ್ಟೇ. ಹೊಲದ ಲೈನಿಗೆ ಕೊಂಡಿ ಹಾಕು ಎಂದು ಸಲಹೆ ಕೊಟ್ಟವರೂ ಇದ್ದರು. 10 ಎಚ್‌ಪಿವರೆಗಿನ ಪಂಪಿಗೆಂದು ಸರ್ಕಾರ ಪುಕ್ಕಟೆ ಕೊಟ್ಟ ಕರೆಂಟಿನಲ್ಲಿ ಮಾಸ್ತರ ಮಂಚ ಬೆಸೆಯುವುದು ನನಗೆ ಸರಿ ಕಾಣಲಿಲ್ಲ.

ಮನೆಯಾಕೆಯ ಚಿಂತೆ ಬೇರೆ. “ಗೃಹಜ್ಯೋತಿ ಬಂದಾಗಿಂದ ಬಿಲ್ಲು ಜೀರೋ ಬರ್ಲಿಕತ್ತದ. ಅದರ ಮ್ಯಾಗ ಯಾಕ್ರಿ ನಿಮ್ಮ ಕಣ್ಣು?” ಒಂದು ತಾಸು ಕಿಡಿ ಉರಿದರೆ ಮೂರು ಯುನಿಟ್ಟಿನ ಆಸುಪಾಸು, ನಾನು ತಿಂಗಳಿಗೆ ಅಷ್ಟು ಉರಿಸಿದರೆ ಹೆಚ್ಚು ಎಂದೆ. ಇಡೀ ದಿನ ಓಡುವ ಕೂಲರಿಗೆ ಇಲ್ಲದ ವಿಚಾರಣೆ ನನಗೇಕೆ ಎಂದು ಕೇಳಬೇಕಿತ್ತು. ಕೂಲರ್ ಆಕೆಯ ಪಕ್ಷದ್ದು, ಸುಮ್ಮನಾದೆ.

ಇನ್ವರ್ಟರ್ ಎಂದಾದ ಮೇಲೆ ನೋಡಬೇಕಾದದ್ದು ಪೆಟ್ಟಿಗೆಯ ಮುಂದೆ ದೊಡ್ಡದಾಗಿ ಬರೆದ 200 ಅಲ್ಲ, ಬೆನ್ನ ಮೇಲೆ ಸಣ್ಣದಾಗಿ ಬರೆದ ಪಟ್ಟಿ. ನಮಗೆ ಬೇಕಾದ ರಾಡು ಎರಡೇ: ಹನ್ನೆರಡು ನಂಬರಿನದು, ಎರಡೂವರೆ ಮಿಲಿಮೀಟರ್, ಹತ್ತು ನಂಬರಿನದು, 3.15. ಮೊದಲನೆಯದು 60ರಿಂದ 90 ಆಂಪಿಯರಿನಲ್ಲಿ ಚೆಂದ ಓಡುತ್ತದೆ, ಎರಡನೆಯದಕ್ಕೆ 130 ದಾಟಬೇಕಾಗಿಲ್ಲ. 200 ಎಂಬುದು ಮದುವೆ ಬಯೋಡಾಟಾದ ಸಂಬಳ. ಪಟ್ಟಿಯಲ್ಲಿ ಇನ್ನೊಂದು ಅಂಕಿ ಇರುತ್ತದೆ, ಡ್ಯೂಟಿ ಸೈಕಲ್. 60 ಪ್ರತಿಶತ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ದುಡಿತ, ನಾಲ್ಕು ನಿಮಿಷ ವಿಶ್ರಾಂತಿ. ಅಂತರರಾಷ್ಟ್ರೀಯ ನಿಯಮದಂತೆ ಅದನ್ನು ಅಳೆಯುವುದು 40 ಡಿಗ್ರಿ ಗಾಳಿಯಲ್ಲಿ. ನಮ್ಮ ಮೇ ತಿಂಗಳಲ್ಲಿ ಗಿಡದ ನೆರಳೇ 40 ದಾಟುತ್ತದೆ. ತಗಡಿನ ಕೆಳಗಿನ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಬೇಕಾದದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತಂದು, ಅದನ್ನು ಸೋಮಾರಿಯಾಗಿ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದೆ. ಇನ್ನು ವೋಲ್ಟೇಜು. ಕೆಲವು ಮಶೀನುಗಳು 230ರಿಂದ 15 ಪ್ರತಿಶತದಷ್ಟು ಇಳಿತವನ್ನು ಮಾತ್ರ ತಾಳುತ್ತವೆ, ಅಂದರೆ 195ಕ್ಕೆ ಅವುಗಳ ಸಹನೆ ಮುಗಿಯಿತು. ಇನ್ನೂ ಕೆಳಗೆ ಇಳಿದರೂ ನಡೆಯುವಂಥವು ಸ್ವಲ್ಪ ದುಬಾರಿ. ನಾನು ಆ ಸ್ವಲ್ಪವನ್ನು ಕೊಟ್ಟೆ. ಬಣ್ಣ, ಡಿಜಿಟಲ್ ಅಂಕಿ, ಬ್ರ್ಯಾಂಡು ಎಲ್ಲ ಆಮೇಲಿನವು. ಹತ್ತಿರದಲ್ಲಿ ರಿಪೇರಿ ಸಿಗುವ ಹೆಸರನ್ನು ಹಿಡಿದರೆ ಸಾಕು. ರಾಡಿನ ಪ್ಯಾಕೆಟ್ಟನ್ನು ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು, ಲೇಪ ಥಂಡಿ ಹಿಡಿದರೆ ಬೆಸುಗೆಯ ತುಂಬ ತೂತು.

ಮಿಕ್ಕ ದುಡ್ಡನ್ನು ಹೆಲ್ಮೆಟ್ಟಿಗೆ ಹಾಕಿದೆ. ಕಿಡಿ ಹೊತ್ತಿದ ಕೂಡಲೇ ಗಾಜು ತಾನೇ ಕಪ್ಪಾಗುವಂಥದ್ದು. ನಮ್ಮೂರಲ್ಲಿ ಕಪ್ಪು ಚಾಳೀಸು ಹಾಕಿಕೊಂಡೋ, ಮುಖ ಅತ್ತ ತಿರುಗಿಸಿಯೋ ಬೆಸೆಯುವವರೇ ಹೆಚ್ಚು. ರಾತ್ರಿ ಕಣ್ಣಲ್ಲಿ ಉಸುಕು ಹೊಯ್ದಂತಾಗಿ, ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುತ್ತಾರೆ. ಕಿಡಿಯ ಅತಿನೇರಳೆ ಬೆಳಕು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ಆಲೂಗಡ್ಡೆಗೆ ಅದು ಗೊತ್ತಿಲ್ಲ. ಕಾಕಾ ಮಶೀನು ನೋಡಲು ಬಂದವರು ಅದನ್ನು ಎತ್ತಿ ತೂಗಿ, “ಆಟಿಗಿ ಸಾಮಾನ ಇದ್ದಂಗದ,” ಎಂದು ಕೆಳಗಿಟ್ಟರು. ಹೆಲ್ಮೆಟ್ ಹಾಕಿಕೊಂಡು ಹನ್ನೆರಡು ನಂಬರಿನ ರಾಡಿನಿಂದ ಬಿಜಾಗರಿಯ ಮೇಲೆ ಒಂದು ಗೆರೆ ಎಳೆದರು. ತೆಗೆದರು. ಗಾಜನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಮತ್ತೆ ಹಾಕಿಕೊಂಡು ಇನ್ನೊಂದು ಗೆರೆ ಎಳೆದರು.

“ಮಶೀನ್ ನಿಮ್ ಹಂತೇಲೇ ಇರ್ಲಿ ಮಾಸ್ತರ್ರ,” ಎಂದರು ಹೊರಡುವಾಗ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, “ಇದೊಂದ್ ನಾನ್ ಒಯ್ಯಾಕತ್ತೀನಿ. ನಾಡಿದ್ದ ಟ್ರಾಲಿ ಕೆಲಸ ಮುಗೀತದ.”