ಯಾವೂರು ಸಾಮಿ ನಿಮ್ಮದು?

ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಮರುಭೂಮಿ ಎಂದರೆ ಭೂಗೋಳದ ಮೇಷ್ಟ್ರು ಒಪ್ಪುವುದಿಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲಕ್ಕೆ ಮಾತ್ರ ಆ ಪಟ್ಟ. ನಮ್ಮಲ್ಲಿ ಏಳುನೂರರ ಆಸುಪಾಸು ಬೀಳುತ್ತದೆ. ಆದರೆ ಅದು ಬಿದ್ದ ನೀರಿನ ಲೆಕ್ಕ. ಉಳಿದ ನೀರಿನ ಲೆಕ್ಕ ಕೇಳಿದರೆ ಮೇಷ್ಟ್ರೂ ತಲೆ ಕೆರೆದುಕೊಳ್ಳಬೇಕು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಂದು ನಂದಿಯ ಸುತ್ತಲ ಬೆಟ್ಟಗಳಲ್ಲಿ ಹುಟ್ಟುವ ನದಿಗಳ ಹೆಸರು ಹೇಳುತ್ತಾ ಹೋದರೆ ಕೇಳಿದವರು ಇದ್ಯಾವುದೋ ಮಲೆನಾಡಿರಬೇಕು ಅಂದುಕೊಂಡಾರು. ಹುಟ್ಟುವುದಷ್ಟೇ ಇಲ್ಲಿ. ಒಂದಕ್ಕೂ ತವರಿನಲ್ಲಿ ನಿಲ್ಲುವ ಮನಸ್ಸಿಲ್ಲ. ಬಹುಪಾಲು ವರ್ಷಗಳಲ್ಲಿ ಪುಷ್ಯ ಮಾಸದ ಹೊತ್ತಿಗೆ ಗೌರಿಬಿದನೂರಿನ ಪಿನಾಕಿನಿಯನ್ನು ಚಪ್ಪಲಿ ಬಿಚ್ಚದೆ ದಾಟಬಹುದು.

ಇಂಥ ಸೀಮೆಯಲ್ಲಿ ಚಳಿಗಾಲ ಪೂರ್ತಿ ಗಾಡಿಯೊಳಗೇ ಮನೆ ಮಾಡಿಕೊಂಡು ತಿರುಗುವ ಚಟ ನನಗೂ ನನ್ನ ಹೆಂಡತಿಗೂ ಅಂಟಿದೆ. ಯಾವುದೋ ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಹಣ್ಣಾಗಿದ್ದ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕಿತ್ತು, ಎರಡು ಮಂಚ, ಒಂದು ಗ್ಯಾಸ್ ಒಲೆ, ನೆತ್ತಿಯ ಮೇಲೆ ಸೋಲಾರ್ ಹಲಗೆ, ಹಿಂದುಗಡೆ ನೀರಿನ ಟ್ಯಾಂಕು ಕೂರಿಸಿದೆವು. ದೀಪಾವಳಿಯ ಪಟಾಕಿ ಸದ್ದಡಗಿದ ಮೇಲೆ ಹೊರಟರೆ ಶಿವರಾತ್ರಿ ಹೊತ್ತಿಗೆ ವಾಪಸು. ಬೆಂಗಳೂರಿಂದ ಒಂದೂವರೆ ಗಂಟೆ ದಾರಿಗೆ ಇಷ್ಟೆಲ್ಲ ಸಂಭ್ರಮವೇ ಎಂದು ನೆಂಟರು ನಗುತ್ತಾರೆ. ನಗಲಿ. ಅವರು ಬೆಳಗಿನ ಜಾವ ನಂದಿಬೆಟ್ಟಕ್ಕೆ ಕಾರಿನಲ್ಲಿ ಬಂದು, ಗೇಟಿನ ಮುಂದೆ ಸಾಲುಗಟ್ಟಿ, ಮಂಜಿನ ಜೊತೆ ಫೋಟೊ ಹೊಡೆಸಿಕೊಂಡು, ಹೆದ್ದಾರಿ ಪಕ್ಕ ಇಡ್ಲಿ ತಿಂದು ಹೋಗುವವರು. 1478 ಮೀಟರ್ ಎತ್ತರದಿಂದ ನೋಡಿದರೆ ಕೆಳಗಿನದೆಲ್ಲ ಒಂದೇ ಬೂದು ಬಣ್ಣ.

ಗಾಡಿಯೊಳಗಿನ ಚಳಿಗಾಲದ ಬಗ್ಗೆ ಯಾರೂ ಮೊದಲೇ ಹೇಳದ ಒಂದು ಮಾತಿದೆ. ರಾತ್ರಿ ಕಿಟಕಿ ಬಿಗಿದು ಕಂಬಳಿ ಹೊದ್ದು ಮಲಗಿದರೆ ಇಬ್ಬರ ಉಸಿರೂ ಹೋಗಿ ತಗಡಿನ ಛಾವಣಿಗೆ ತಾಗಿ, ಬೆಳಗಿನ ಜಾವ ನಾಲ್ಕಕ್ಕೆ ಹನಿಯಾಗಿ ಮೂಗಿನ ಮೇಲೆ ಬೀಳುತ್ತದೆ. ಮೋಡದ ಕಡೆ ಮುಖ ಮಾಡಿ ಕೂತ ಊರಿನಲ್ಲಿ ನಮ್ಮ ಗಾಡಿಯೊಳಗೆ ಮಾತ್ರ ದಿನಾ ಮಳೆ. ನನ್ನ ಹೆಂಡತಿ ಒಂದು ಹಳೆಯ ಪಂಚೆಯಿಂದ ಛಾವಣಿ ಒರೆಸಿ, ಹೊರಗೆ ಹಿಂಡಿ, "ನೋಡ್ರೀ, ಅರ್ಧ ಲೋಟ ಇದೆ" ಎಂದು ಲೆಕ್ಕ ಕೊಡುತ್ತಾಳೆ. ಕಿಟಕಿ ಎರಡು ಬೆರಳು ತೆರೆದಿಟ್ಟರೆ ಹನಿ ನಿಲ್ಲುತ್ತದೆ, ಆದರೆ ಚಳಿ ನುಗ್ಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಇನ್ನು ನಿಲ್ಲಿಸುವುದೆಲ್ಲಿ? ಬೆಟ್ಟದ ಮೇಲೆ ರಾತ್ರಿ ಬಿಡುವುದಿಲ್ಲ. ಉಳಿದದ್ದು ಕೆರೆ ಏರಿಯ ಕೆಳಗಿನ ಬಯಲು, ದೇವಸ್ಥಾನದ ಮುಂದಿನ ಅರಳಿಕಟ್ಟೆ, ಕೊಯ್ಲು ಮುಗಿದ ರಾಗಿ ಹೊಲ. ಹೊಂಗೆಮರದ ಕೆಳಗೆ ಗಾಡಿ ನಿಂತು ಎಂಜಿನ್ ಆರುವಷ್ಟರಲ್ಲಿ ಒಬ್ಬರು ಬಂದೇ ಬರುತ್ತಾರೆ. "ಯಾವೂರು ಸಾಮಿ ನಿಮ್ಮದು?" ಬಾಗೇಪಲ್ಲಿಯ ಕಡೆಗೆ ಸರಿದಷ್ಟೂ ಅದೇ ಪ್ರಶ್ನೆ ತೆಲುಗಿನಲ್ಲಿ: "ಏ ಊರು ಸಾಮಿ ಮೀದಿ?" ಉತ್ತರ ಕೊಡುವ ಮುಂಚೆಯೇ ಅವರ ಮನಸ್ಸಿನಲ್ಲಿ ನಮ್ಮ ಜಾತಕ ಬರೆದಾಗಿರುತ್ತದೆ. ಒಂದೋ ನಾವು ಜಮೀನು ನೋಡಲು ಬಂದ ಬ್ರೋಕರು, ಇಲ್ಲವೇ ನೀರಿನ ಪಾಯಿಂಟ್ ತೋರಿಸುವವರು, ಎರಡೂ ಅಲ್ಲವಾದರೆ ಕೈವಾರಕ್ಕೋ ಮುರುಗಮಲ್ಲಕ್ಕೋ ಹರಕೆ ಹೊತ್ತವರು. ಸುಮ್ಮನೆ ತಿರುಗುತ್ತಿದ್ದೇವೆ ಎಂದರೆ ನಂಬುವುದಿಲ್ಲ. ಶಿಡ್ಲಘಟ್ಟದ ಜಂಗಮಕೋಟೆ ಹೋಬಳಿಯಲ್ಲಂತೂ ಕೈಗಾರಿಕಾ ಪ್ರದೇಶಕ್ಕೆ ಭೂಮಿ ಹೋಗುತ್ತದೆಂಬ ಗಲಾಟೆ ಎದ್ದ ಮೇಲೆ, ಹೊರಗಿನ ನಂಬರ್ ಪ್ಲೇಟು ಕಂಡರೆ ಮಾತಿನ ದನಿಯೇ ಬೇರೆಯಾಗುತ್ತದೆ. ತಪ್ಪೇನಿಲ್ಲ. ಸುಮ್ಮನೆ ಬಂದು ಸುಮ್ಮನೆ ಹೋದವರನ್ನು ಆ ಊರು ಈಚೆಗೆ ಕಂಡಿಲ್ಲ.

ನನ್ನ ತಂಗಿಯ ಮಗಳ ಸಂಸಾರ ಅಮೆರಿಕದ ಫೀನಿಕ್ಸ್ ಕಡೆ ಇದೆ. ಒಂದು ಡಿಸೆಂಬರಿನಲ್ಲಿ ಅವಳು ಬಾಡಿಗೆಗೆ ಮನೆಗಾಡಿ ತೆಗೆದುಕೊಂಡು ನಮ್ಮನ್ನು ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬಲ್ಲಿಗೆ ಕರೆದೊಯ್ದಳು. ಬೇಸಿಗೆಯಲ್ಲಿ ಕೆಲವೇ ಸಾವಿರ ಜನರಿರುವ ಆ ಊರು ಚಳಿಗಾಲದಲ್ಲಿ ಗಾಡಿಗಳ ಜಾತ್ರೆಯಾಗುತ್ತದೆ. ಉತ್ತರದ ಹಿಮ ತಪ್ಪಿಸಿಕೊಂಡು ಬಂದ ಮುದುಕರು, ಮುದುಕಿಯರು, ಮನೆ ಮಾರಿ ಗಾಡಿಯನ್ನೇ ವಿಳಾಸ ಮಾಡಿಕೊಂಡವರು. ಸರ್ಕಾರದ ಮರುಭೂಮಿಯಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಲು ಒಂದು ಚೀಟಿ ಸಿಗುತ್ತದೆ. ಅಲ್ಲಿನ ಸ್ಮಶಾನದಲ್ಲಿ ಪುಟ್ಟದೊಂದು ಕಲ್ಲಿನ ಪಿರಮಿಡ್ಡಿದೆ, ಮೇಲೊಂದು ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೇನೆ ಮರುಭೂಮಿಯಲ್ಲಿ ಸಾಮಾನು ಹೊರಿಸಲು ತರಿಸಿದ ಒಂಟೆಗಳ ಜೊತೆ ಹಡಗು ಹತ್ತಿ ಬಂದ ಹಾಜಿ ಅಲಿಯ ಗೋರಿ ಅದು. 1902ರಲ್ಲಿ ತೀರಿಕೊಂಡವನು ಈಗಲೂ ಅಲೆಮಾರಿಗಳ ಊರಿಗೆ ಒಂದು ಗುರುತಾಗಿ ನಿಂತಿದ್ದಾನೆ. ನನಗೆ ಸೋಜಿಗವೆನಿಸಿದ್ದು ಬೇರೆ. ನಾವಿದ್ದಷ್ಟೂ ಹೊತ್ತು ಪಕ್ಕದ ಗಾಡಿಯವರು ಕೈಯೆತ್ತಿ ನಕ್ಕರು, ಅಷ್ಟೆ. ಯಾವೂರು, ಮಕ್ಕಳೆಷ್ಟು, ಪೆನ್ಷನ್ ಎಷ್ಟು, ಊಟವಾಯಿತಾ ಎಂದು ಯಾರೂ ಕೇಳಲಿಲ್ಲ. ನನ್ನ ಹೆಂಡತಿಗೆ ಸಂಜೆಯಾಗುವಷ್ಟರಲ್ಲಿ ಒಂದು ಥರಾ ಕಸಿವಿಸಿ. ನನಗೋ, ನಿಜ ಹೇಳಬೇಕೆಂದರೆ, ಬಹಳ ಹಿತವಾಗಿತ್ತು.

ಅಲ್ಲಿನವರಿಗೂ ನಮಗೂ ಸಮಾನವಾದ ಚಿಂತೆ ಒಂದೇ, ನೀರು. ನಮ್ಮ ಕಡೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಹಳ್ಳಿಗಳಲ್ಲಿ ಹಳದಿಗಟ್ಟಿದ ಹಲ್ಲು ಕಂಡರೆ ಕಾರಣ ಕೇಳಬೇಕಿಲ್ಲ. ಹಾಗಾಗಿ ಪ್ರತಿ ಊರಿನ ಶುದ್ಧ ಕುಡಿಯುವ ನೀರಿನ ಘಟಕ ನಮ್ಮ ನಕ್ಷೆಯ ಮುಖ್ಯ ಠಾಣೆ. ಐದು ರೂಪಾಯಿಯ ಬಿಲ್ಲೆ ತೂರಿಸಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಬಿಲ್ಲೆ ನುಂಗಿ ನೀರು ಬಿಡದಿದ್ದರೆ ಯಂತ್ರದ ಪಕ್ಕೆಗೆ ಎಲ್ಲಿ ಗುದ್ದಬೇಕೆಂದು ಆ ಊರಿನ ಹುಡುಗರಿಗೆ ಗೊತ್ತಿರುತ್ತದೆ. ಕೆರೆಗಳಲ್ಲಿ ಈಚೆಗೆ ನೀರು ಕಾಣುತ್ತದೆ ನಿಜ. ಅದು ಬೆಂಗಳೂರಿನ ಕೊಡುಗೆ. ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರ್‌ನಂತೆ 65 ಕೆರೆಗಳಿಗೆ ಹರಿಸುವ ಯೋಜನೆ ಅದು. ಚಿಂತಾಮಣಿಯ ಕಡೆಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಯದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ರೈತರು ಕೂಗುತ್ತಲೇ ಇದ್ದಾರೆ. ಏರಿಯ ಮೇಲೆ ನಿಂತು ನೋಡಿದಾಗ ಕೊಕ್ಕರೆ, ನೀರುಕಾಗೆ, ಸಂಜೆಗೆಂಪು ಎಲ್ಲ ಚೆಂದ. ನಾವು ಬೆಂಗಳೂರಿನಲ್ಲಿ ಮಿಂದು ಚೆಲ್ಲಿದ ನೀರು ನಮಗಿಂತ ಮುಂಚೆ ಇಲ್ಲಿಗೆ ಬಂದು ಬೀಡುಬಿಟ್ಟಿದೆ ಎಂದುಕೊಂಡು ಪಾತ್ರೆ ಮಾತ್ರ ಅದರಲ್ಲಿ ಅದ್ದುವುದಿಲ್ಲ.

ಈ ಬಯಲಿನಲ್ಲಿ ಗಾಡಿಯಲ್ಲೇ ಸಂಸಾರ ಹೂಡಿದ ನಿಜವಾದ ಮಂದಿ ಯಾರೆಂದು ನನಗೆ ಗೊತ್ತಾದದ್ದು ಚಿಂತಾಮಣಿ ತಾಲ್ಲೂಕಿನ ಒಂದು ಹೊಲದಲ್ಲಿ. ರಾತ್ರಿ ಹತ್ತಕ್ಕೆ ನೆಲ ನಡುಗಿ ಎಚ್ಚರವಾಯಿತು. ಎರಡು ಬೋರ್‌ವೆಲ್ ಲಾರಿ ಬಂದು ನಿಂತಿದ್ದವು. ಒಂದರ ಬೆನ್ನಿಗೆ ಕೊರೆಯುವ ರಿಗ್ಗು, ಇನ್ನೊಂದರಲ್ಲಿ ಇಪ್ಪತ್ತಡಿ ಉದ್ದದ ರಾಡುಗಳು, ಡೀಸೆಲ್ ಪೀಪಾಯಿ, ಅಕ್ಕಿ ಮೂಟೆ, ಸುತ್ತಿಟ್ಟ ಹಾಸಿಗೆಗಳು. ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳು. ಭಾರತದ ಮೂಲೆಮೂಲೆಗೆ ರಿಗ್ಗು ಕಳಿಸುವ ಊರು ಅದು. ಮೇಲ್ವಿಚಾರಕ ಆ ಕಡೆಯವನು, ಕೆಲಸದ ಹುಡುಗರು ಒಡಿಶಾ, ಜಾರ್ಖಂಡಿನವರು. ರಾಗಿ ಕೊಯ್ಲಾಗಿ ಹೊಲ ಬರಿದಾದರೆ ಲಾರಿ ಒಳಗೆ ಬರಲು ದಾರಿಯಾಗುತ್ತದೆ. ಹಾಗಾಗಿ ನಮಗೂ ಅವರಿಗೂ ಒಂದೇ ಸೀಸನ್ನು.

ಹೊಲದ ಯಜಮಾನರು ಪಾಯಿಂಟಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಆಮೇಲೆ ಶುರುವಾದ ಸದ್ದು ಬೆಳಗಿನವರೆಗೂ ನಿಲ್ಲಲಿಲ್ಲ. ಕಂಪ್ರೆಸರಿನ ಗಾಳಿ ಕೆಳಗಿನ ಬಂಡೆಯ ಹಿಟ್ಟನ್ನು ಮೇಲಕ್ಕೆ ಊದುತ್ತಿತ್ತು. ಹುಡುಗರ ರೆಪ್ಪೆ, ಮೀಸೆ, ಕಿವಿಯ ಸಂದು ಎಲ್ಲ ಬೂದಿ ಬಣ್ಣ. ಯಜಮಾನರು ಹಿಟ್ಟನ್ನು ಅಂಗೈಗೆ ತೆಗೆದುಕೊಂಡು ಬ್ಯಾಟರಿ ಬೆಳಕಿನಲ್ಲಿ ಹಿಸುಕಿ ನೋಡುವರು. ಒಣ. ಇನ್ನೊಂದು ರಾಡು. ಮತ್ತೆ ಒಣ. ಅಡಿಗಿಷ್ಟು ಎಂದು ದರ, ಆಳಕ್ಕೆ ಇಳಿದಷ್ಟೂ ದರ ಏರುತ್ತದೆ. ಆದ್ದರಿಂದ ನಿಲ್ಲಿಸೋಣವೇ ಎಂಬ ಮಾತು ಪ್ರತಿ ರಾಡಿಗೂ ಬಂದು, ಇನ್ನೊಂದೇ ಒಂದು ಎಂಬಲ್ಲಿ ಮುಗಿಯುತ್ತಿತ್ತು. ಅರವತ್ತೈದನೆಯ ರಾಡಿಗೆ, ಅಂದರೆ 1300 ಅಡಿಯಲ್ಲಿ, ಹಿಟ್ಟು ಕೆಸರಾಯಿತು. ಒಂದು ಇಂಚು ನೀರು ಎಂದರು ಒಬ್ಬರು. ಮುಕ್ಕಾಲು ಎಂದರು ಇನ್ನೊಬ್ಬರು. ಯಜಮಾನರ ಮುಖದಲ್ಲಿ ಗೆದ್ದ ಕಳೆಯೂ ಇಲ್ಲ, ಸೋತ ಕಳೆಯೂ ಇಲ್ಲ. ಸಾಲ ತೀರಿಸಲು ಅದು ಸಾಕೇ ಎಂದು ಲೆಕ್ಕ ಹಾಕುತ್ತಿದ್ದರೆಂದು ನನ್ನ ಊಹೆ.

ಬೆಳಿಗ್ಗೆ ಹುಡುಗರು ಲಾರಿಯ ಕೆಳಗೆ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟರು. ಹೊಸ ಬೋರಿನ ಮೊದಲ ನೀರಿನಲ್ಲಿ ಮುಖ ತೊಳೆದದ್ದು ಅವರೇ. ಮೇಲ್ವಿಚಾರಕ ನಮ್ಮ ಗಾಡಿಯ ಒಳಗೆ ಇಣುಕಿ ಮಂಚ, ಒಲೆ, ಪರದೆ ಎಲ್ಲ ಮುಟ್ಟಿ ನೋಡಿದ. ತನ್ನ ಕ್ಯಾಬಿನ್ನಿನಲ್ಲೂ ಒಂದು ಪರದೆ ಇದೆ, ಮುರುಗನ ಪಟವಿದೆ, ಊರಿಗೆ ಹೋಗಿ ಬಹಳ ತಿಂಗಳಾಯಿತು ಎಂದ. ಮುಂದಿನ ಹೊಲ ಯಾವುದೆಂದು ಫೋನು ಬಂದ ಮೇಲೇ ತಿಳಿಯುವುದಂತೆ. ಕೊನೆಗೆ, ಬಹಳ ಹೊತ್ತಿನಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟ: "ಸಾರ್, ನಿಮಗೆ ಇದಕ್ಕೆ ಸಂಬಳ ಯಾರು ಕೊಡ್ತಾರೆ?"

ಕೆಲವು ಕಡೆ ನಮ್ಮನ್ನು ಓಡಿಸಿದ್ದೂ ಉಂಟು. ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ತೋಟದ ಪಕ್ಕ ಗಾಡಿ ನಿಲ್ಲಿಸಿ ಸೊಳ್ಳೆಬತ್ತಿ ಹಚ್ಚಿದ್ದೇ ತಡ, ಹುಳುಮನೆಯಿಂದ ಹೆಂಗಸೊಬ್ಬರು ಸೆರಗು ಸಿಕ್ಕಿಸಿಕೊಂಡು ಬಂದರು. "ಅಣ್ಣಾ, ಹುಳ ನಾಲ್ಕನೇ ಜ್ವರದಿಂದ ಎದ್ದೈತೆ, ಆ ಹೊಗೆ ಆರಿಸಿ ಆ ಕಡೆ ಹೋಗಿ." ಸೊಳ್ಳೆಬತ್ತಿಯ ಹೊಗೆ ರೇಷ್ಮೆಹುಳುವಿಗೂ ವಿಷ. ಅದಕ್ಕೆ ಚಳಿಯೂ ಆಗದು. ಆ ಹುಳುಮನೆಗೆ ಕಿಟಕಿಗೆಲ್ಲ ಗೋಣಿತಾಟು ಬಿಗಿದು ಒಳಗೆ ಕೆಂಡ ಇಟ್ಟಿದ್ದರು. ಹುಳುವಿಗೆ ಸಿಕ್ಕ ಉಪಚಾರ ಕಂಡು ನನ್ನ ಹೆಂಡತಿ ನಮ್ಮ ತೊಟ್ಟಿಕ್ಕುವ ಛಾವಣಿಯನ್ನೊಮ್ಮೆ ನೋಡಿದಳು.

ಗೌರಿಬಿದನೂರಿನ ಕಡೆ ಬಯಲು ಇನ್ನೂ ಬಿಚ್ಚಿಕೊಳ್ಳುತ್ತದೆ. ಬಾಹ್ಯಾಕಾಶದ ರೇಡಿಯೊ ಅಲೆಗಳನ್ನು ಹಿಡಿಯಲು ಖಗೋಳ ವಿಜ್ಞಾನಿಗಳು 1970ರ ದಶಕದಲ್ಲಿ ಅಲ್ಲಿ ಹೂಡಿದ ದೂರದರ್ಶಕಕ್ಕೆ ಗುಮ್ಮಟವೂ ಇಲ್ಲ, ಗಾಜೂ ಇಲ್ಲ. ಸಾವಿರ ಆಂಟೆನಾ ಸೇರಿಸಿ ಕಟ್ಟಿದ ಅದು ನೋಡಲು ಬಟ್ಟೆ ಒಣಹಾಕುವ ತಂತಿ ಸಾಲಿನ ಹಾಗಿದೆ. ಅಣುಬಾಂಬಿನ ಪರೀಕ್ಷೆ ಎಲ್ಲಾದರೂ ನಡೆದರೆ ನೆಲದ ಕಂಪನದಿಂದ ಅರಿಯುವ ಭಾಭಾ ಕೇಂದ್ರದ ಕಂಪನಮಾಪಕಗಳೂ 1965ರಿಂದ ಈ ತಾಲ್ಲೂಕಿನಲ್ಲೇ ಇವೆ. ಈ ನೆಲದ ಬಡತನವೇ, ಅಂದರೆ ಸದ್ದುಗದ್ದಲವಿಲ್ಲದ ಬರಿ ಬಂಡೆ ಬಯಲೇ, ಅವರಿಗೆ ಬೇಕಾಗಿದ್ದ ಬಂಡವಾಳ. ಹತ್ತಿರದ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ವಿಶ್ವವಿದ್ಯಾಲಯದ ಕುಲಪತಿಯಾದರೂ ಬಾಳೆಲ್ಲ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಕಳೆದರು. ನಮ್ಮ ಗಾಡಿಯಲ್ಲಿ ಜಾಗ ಸಾಲದೆಂದು ಗೊಣಗುವ ಮುನ್ನ ನಾನು ಅವರನ್ನು ನೆನೆಯುವುದುಂಟು. ನೆನೆದ ಮೇಲೆ ಗೊಣಗುತ್ತೇನೆ.

ಅಲ್ಲಿನ ಹೊಲಗಳಲ್ಲಿ ಪಾವಗಡದ ಕಡೆಯ ಕುರಿ ಮಂದೆಗಳು ಸಿಗುತ್ತವೆ. ಸಂಜೆ ಬಲೆ ಸುತ್ತಿ ಮಂದೆ ಕೂಡಿಸಿದರೆ ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಗೊಬ್ಬರ. ಹೊಲದವರು ಕಾಸೋ ರಾಗಿಯೋ ಕೊಡುತ್ತಾರೆ. ನಡೆಯಲಾರದ ಎಳೆಮರಿಗಳು ಟಿವಿಎಸ್ ಎಕ್ಸೆಲ್ ಗಾಡಿಯ ಎರಡೂ ಬದಿಯ ಚೀಲದಿಂದ ಕತ್ತು ಹೊರಹಾಕಿಕೊಂಡು ಊರು ನೋಡುತ್ತಾ ಹೋಗುತ್ತವೆ. ತಂಗಿದ ಜಾಗಕ್ಕೆ ಬಾಡಿಗೆ ಕೊಡುವ ಬದಲು ವಸೂಲಿ ಮಾಡುವ ಪ್ರಯಾಣಿಕರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮಿಂದಲೂ ಒಮ್ಮೆ ಹೊಲದವರಿಗೆ ಉಪಕಾರವಾಯಿತು. ಕೈವಾರದಿಂದ ಹೊರಟಿದ್ದೆವು, ಮಲಾರ ಹೊತ್ತು ಊರೂರು ಅಲೆದು ಬಳೆ ಮಾರುತ್ತಿದ್ದ ತಾತಯ್ಯ ಕೊನೆಗೆ ಯೋಗಿಯಾಗಿ ನೆಲೆನಿಂತ ಊರಿನಲ್ಲಿ ಊಟ ಮುಗಿಸಿ. ಶಿಡ್ಲಘಟ್ಟದ ದಾರಿಯಲ್ಲಿ ಡಾಂಬರು ಕಾಣದಷ್ಟು ರಾಗಿ ತೆನೆ ಹರಡಿದ್ದರು. ಹುರುಳಿಯಾಗಿದ್ದರೆ ಖಂಡಿತ ಇಳಿದು ಬೇರೆ ದಾರಿ ಹಿಡಿಯುತ್ತಿದ್ದೆ. ಹುರುಳಿ ಬಳ್ಳಿ ಅಡಿಯ ಭಾಗಕ್ಕೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡು ಕಾರುಗಳು ಸುಟ್ಟದ್ದನ್ನು ಈ ಕಡೆ ಎಲ್ಲರೂ ಬಲ್ಲರು. ರಾಗಿಯಾದ್ದರಿಂದ ಮೆಲ್ಲಗೆ ಹತ್ತಿಸಿದೆ. ಆಚೆ ದಾಟಿದ್ದೇ ಮೊರ ಹಿಡಿದ ಅಜ್ಜಿಯೊಬ್ಬರು ಕೈ ಅಡ್ಡ ಹಾಕಿದರು.

"ಇನ್ನೊಂದು ಸುತ್ತು ಹಾಕಪ್ಪಾ."

ಹಾಕಿದೆ. ಮತ್ತೊಂದು ಎಂದರು. ಅದನ್ನೂ ಹಾಕಿದೆ. ನನ್ನ ಹೆಂಡತಿ ಇಳಿದುಹೋಗಿ ಅಜ್ಜಿಯ ಪಕ್ಕ ಕೂತು ಯಾವೂರು, ಮಕ್ಕಳೆಷ್ಟು ಎಂದು ವಿಚಾರಿಸತೊಡಗಿದ್ದಳು. ಹೊರಡುವಾಗ ಅಜ್ಜಿ ಸೊಗಡು ಅವರೆಕಾಯಿಯನ್ನು ಮಡಿಲ ತುಂಬ ಕೊಟ್ಟು, ನಮ್ಮ ಗಾಡಿಯ ಚಕ್ರಗಳನ್ನೊಮ್ಮೆ ನೋಡಿ, "ಲಾರಿ ಆಗಿದ್ರೆ ಇಷ್ಟೊತ್ತಿಗೆ ಒಕ್ಕಣೆ ಆಗೋಗಿರೋದು" ಎಂದರು.