ನೆಲ ನೋಡುತ್ತ ಶಿಕಾಗೊ

ಶಿಕಾಗೊ ನಗರವನ್ನು ಒಮ್ಮೆ ಜ್ಯಾಕ್ ಕೊಟ್ಟು ಮೇಲೆತ್ತಿದ್ದಾರೆ. ಪಂಕ್ಚರ್ ಆದ ಕಾರನ್ನು ಎತ್ತುತ್ತಾರಲ್ಲ, ಹಾಗೆ.

1860ರಲ್ಲಿ ಲೇಕ್ ಸ್ಟ್ರೀಟಿನ ಒಂದಿಡೀ ಸಾಲು ಕಟ್ಟಡಗಳ ಅಡಿಗೆ ಸುಮಾರು 6,000 ಸ್ಕ್ರೂ ಜ್ಯಾಕುಗಳನ್ನಿಟ್ಟರು. 600 ಆಳುಗಳು ಒಟ್ಟಿಗೆ ತಿರುಗಿಸುತ್ತ ಐದು ದಿನಗಳಲ್ಲಿ ಅದನ್ನು ನಾಲ್ಕೂವರೆ ಅಡಿಗಿಂತ ಮೇಲಕ್ಕೆ ತಂದರು. ಇಟ್ಟಿಗೆ, ಕಲ್ಲು, ಕಬ್ಬಿಣದ ಕಟ್ಟಡಗಳು. ಒಳಗೆ ಅಂಗಡಿಗಳು, ಕಚೇರಿಗಳು. ಮರುವರ್ಷ ಟ್ರೆಮಾಂಟ್ ಹೌಸ್ ಎಂಬ ದೊಡ್ಡ ಹೋಟೆಲನ್ನು, ಒಳಗೆ ಅತಿಥಿಗಳು ಉಂಡು ಮಲಗಿ ಏಳುತ್ತಿರುವಾಗಲೇ ಎತ್ತಿದರು. ಆ ಕೆಲಸ ಹಿಡಿದ ಗುತ್ತಿಗೆದಾರರಲ್ಲಿ ಜಾರ್ಜ್ ಪುಲ್‌ಮನ್ ಎಂಬಾತನೂ ಒಬ್ಬ. ಆತನೇ ಮುಂದೆ ಮಲಗುವ ರೈಲುಗಾಡಿಗಳನ್ನು ಕಟ್ಟಿ ಲೋಕಪ್ರಸಿದ್ಧನಾದ.

ಈ ಸಂಗತಿ ಕೇಳಿದಾಗ ನಮ್ಮೆಜಮಾನರ ಮುಖ ನೋಡಬೇಕಿತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ಧಾರವಾಡ, ಗದಗದ ಎರೆನೆಲದಲ್ಲಿ ಅಡಿಪಾಯ ಹಾಕಿಸಿ, ಬಿರುಕು ಬಿಟ್ಟ ಗೋಡೆಗಳಿಗೆ ಉತ್ತರ ಬರೆದು ತಲೆ ನರೆಸಿಕೊಂಡವರು ಅವರು. "ಮಣ್ಣು ಎಂಥಾದ್ದು, ಕೇಳು" ಎಂದು ಮಗಳಿಗೆ ಪಿಸುಗುಟ್ಟಿದರು. ಕೇಳುವ ಮೊದಲೇ ಉತ್ತರ ಬಂತು: ಜೇಡಿ. ಪಕ್ಕದ ಸರೋವರಕ್ಕಿಂತ ಕೊಂಚವೇ ಎತ್ತರದ ಜೌಗು ನೆಲ. ನೀರು ಹರಿದುಹೋಗಲು ಇಳಿಜಾರೇ ಇಲ್ಲ. ಮೇಲಿಂದ ಮೇಲೆ ಕಾಲರಾ. 1855ರಲ್ಲಿ ಬಾಸ್ಟನ್ನಿನಿಂದ ಬಂದ ಎಲಿಸ್ ಚೆಸ್‌ಬ್ರೋ ಎಂಬ ಎಂಜಿನಿಯರು, ಚರಂಡಿಯನ್ನು ನೆಲದಡಿ ಹೂಳಲು ಇಳಿಜಾರಿಲ್ಲವಾದರೆ ನೆಲದ ಮೇಲೇ ಹಾಕಿ, ಅದರ ಮೇಲೆ ಮಣ್ಣು ತುಂಬಿ ರಸ್ತೆಯನ್ನೇ ಎತ್ತರಿಸೋಣ ಎಂದ. ರಸ್ತೆ ಎದ್ದಮೇಲೆ ಕಟ್ಟಡಗಳು ಕೆಳಗೆ ಉಳಿಯುವಂತಿಲ್ಲವಲ್ಲ.

ಇದನ್ನೆಲ್ಲ ಹೇಳುತ್ತಿದ್ದವರು ಎಪ್ಪತ್ತರ ಆಸುಪಾಸಿನ ನಿವೃತ್ತ ಶಾಲಾ ಶಿಕ್ಷಕಿ. ಒಂದು ಕೈಯಲ್ಲಿ ಟೋಪಿ ಗಾಳಿಗೆ ಹಾರದಂತೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಹಳೆಯ ಚಿತ್ರಗಳ ಫೈಲು ಬಿಚ್ಚಿದ್ದರು. ಹೆಸರು ಹಿಡಿದು ಕರೆಯಿರಿ ಎಂದು ಅವರು ಎಷ್ಟು ಹೇಳಿದರೂ ನಮ್ಮ ಬಾಯಿ ತಿರುಗಲಿಲ್ಲ. ಕೊನೆಯವರೆಗೂ "ಮೇಡಂ" ಎಂದೇ ಕರೆದೆವು. ಅವರು ನಮಗೆ ಸಿಕ್ಕಿದ್ದು ಶಿಕಾಗೊ ಗ್ರೀಟರ್ ಎಂಬ ಏರ್ಪಾಡಿನಿಂದ. ಅದು 2002ರಿಂದ ಇದೆ. ಊರನ್ನು ಪ್ರೀತಿಸುವ ಸಾಮಾನ್ಯರು, ಬಂದ ನೆಂಟರಿಗೆ ತೋರಿಸುವ ಹಾಗೆ ಪ್ರವಾಸಿಗರಿಗೆ ತಮ್ಮ ಊರನ್ನು ನಡೆಸಿ ತೋರಿಸುತ್ತಾರೆ. ಒಂದು ತಂಡದಲ್ಲಿ ಆರು ಜನರಿಗಿಂತ ಹೆಚ್ಚಿಲ್ಲ, ಅಪರಿಚಿತರನ್ನು ಸೇರಿಸುವುದಿಲ್ಲ. ಶುಲ್ಕವಿಲ್ಲ, ಭಕ್ಷೀಸು ಕೊಟ್ಟರೂ ಒಲ್ಲರು. ಡಾಲರನ್ನು ರೂಪಾಯಿಗೆ ಗುಣಿಸುವುದೇ ಕಾಯಕವಾಗಿದ್ದ ನಮಗೆ ಇದು ಮೊದಲ ಆಶ್ಚರ್ಯ. "ಪುಕ್ಕಟೆ ಅಂದ್ರೆ ಏನೋ ಇರುತ್ತೆ ಕಣೇ. ಕೊನೇಲಿ ಕಾರ್ಪೆಟ್ ಅಂಗಡಿಗೆ ಕರಕೊಂಡು ಹೋಗ್ತಾರೆ ನೋಡ್ತಿರು" ಎಂದಿದ್ದರು ಯಜಮಾನರು.

ನಾವು ಬಂದದ್ದು ಮಿಷಿಗನ್ನಿನ ಆನ್ ಆರ್ಬರಿನ ಮಗಳ ಮನೆಯಿಂದ. ಡೆಟ್ರಾಯಿಟ್ ಕಡೆಯಿಂದ ಬರುವ ವೂಲ್ವರೀನ್ ರೈಲು ಅಲ್ಲಿಂದ ನೇರ ಶಿಕಾಗೊ ಯೂನಿಯನ್ ಸ್ಟೇಷನ್ನಿಗೆ ತಂದು ಬಿಡುತ್ತದೆ. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಹುಬ್ಬಳ್ಳಿ ಪ್ಯಾಸೆಂಜರಿಗೂ ಇಂಥದೊಂದು ಗಂಟೆ ದಯಪಾಲಿಸಿದ್ದರೆ ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುತ್ತಿದ್ದವು.

ಶಿಕಾಗೊಗೆ ಹೋದವರು ತಲೆ ಎತ್ತಿ ನೋಡಬೇಕು ಎನ್ನುತ್ತಾರೆ. ಮೇಡಂ ನಮಗೆ ಕಲಿಸಿದ್ದು ನೆಲ ನೋಡುವುದನ್ನು. ಹೊರಟದ್ದು ಕಲ್ಚರಲ್ ಸೆಂಟರಿನಿಂದ. ನಗರದ ಸಾರ್ವಜನಿಕ ಗ್ರಂಥಾಲಯವಾಗಿ 1897ರಲ್ಲಿ ತೆರೆದ ಅರಮನೆ ಅದು. ಮೆಟ್ಟಿಲೆಲ್ಲ ಬಿಳಿ ಅಮೃತಶಿಲೆ, ಮೇಲೆ ಟಿಫಾನಿ ಗಾಜಿನ 38 ಅಡಿ ಅಗಲದ ಗುಮ್ಮಟ. ನಾವು ಬಾಯಿ ತೆರೆದು ಮೇಲೆ ನೋಡುತ್ತಿದ್ದರೆ, "ಈ ಗ್ರಂಥಾಲಯ ಹುಟ್ಟಿದ್ದು ಒಂದು ನೀರಿನ ಟ್ಯಾಂಕಿನೊಳಗೆ. ಆ ಜಾಗ ಆಮೇಲೆ ತೋರಿಸುತ್ತೇನೆ" ಎಂದು ಮೇಡಂ ಹೊರಗೆ ಕರೆದೊಯ್ದರು.

ಉತ್ತರಕ್ಕೆ ನಡೆದರೆ ನದಿ. ಹಸಿರು ನೀರು, ಮೇಲೆ ಎರಡಂತಸ್ತಿನ ಸೇತುವೆ. ಹಡಗು ಬಂದರೆ ಅದು ಎರಡು ಹೋಳಾಗಿ ಮೇಲೇಳುತ್ತದೆ. ಅದಕ್ಕೆ ದು ಸಾಬ್ಲ್ ಎಂಬ ಕಪ್ಪು ವರ್ತಕನ ಹೆಸರು. ಇಲ್ಲಿ ಮೊದಲು ಮನೆ ಕಟ್ಟಿ ನೆಲೆನಿಂತ ಹೊರಗಿನವನು ಆತನೇ. ಮೇಡಂ ನೀರಿನ ಕಡೆ ಬೆರಳು ತೋರಿ, "ಯಾವ ಕಡೆ ಹರಿಯುತ್ತಿದೆ?" ಎಂದು ಶಾಲೆಯಲ್ಲಿ ಕೇಳುವಂತೆಯೇ ಕೇಳಿದರು. ಸರೋವರ ಪೂರ್ವಕ್ಕಿತ್ತು. ನದಿ ಸರೋವರ ಸೇರಬೇಕು, ಪೂರ್ವಕ್ಕೆ, ಎಂದೆ ನಾನು. ಯಜಮಾನರು ತೇಲುತ್ತಿದ್ದ ಕಡ್ಡಿಯೊಂದನ್ನು ಬಹಳ ಹೊತ್ತು ನೋಡಿ, "ಪಶ್ಚಿಮಕ್ಕೆ" ಎಂದರು.

ಪಶ್ಚಿಮಕ್ಕೇ. ನೆಲ ಎತ್ತಿದರೂ ಊರಿನ ಕೊಳೆಯೆಲ್ಲ ನದಿಗೆ, ನದಿ ಸರೋವರಕ್ಕೆ, ಸರೋವರದ ನೀರೇ ಮತ್ತೆ ಊರಿನ ನಲ್ಲಿಗೆ. ಇದಕ್ಕೊಂದು ಕೊನೆ ಕಾಣಿಸಲು 28 ಮೈಲಿ ಉದ್ದದ ಕಾಲುವೆ ಅಗೆದು, 1900ರ ಜನವರಿ 2ರಂದು ನದಿಯನ್ನು ಹಿಂದುಮುಂದಾಗಿ ತಿರುಗಿಸಿಬಿಟ್ಟರು. ಅಂದಿನಿಂದ ಅದು ಸರೋವರಕ್ಕೆ ಬೆನ್ನು ಹಾಕಿ, ಇಲಿನಾಯ್ ನದಿಯ ದಾರಿಯಲ್ಲಿ ಮಿಸಿಸಿಪಿಯ ಕಡೆಗೆ ಹರಿಯುತ್ತಿದೆ. ಭಗೀರಥ ಗಂಗೆಯನ್ನು ಇಳಿಸಿದ್ದು ಪಿತೃಗಳ ಸದ್ಗತಿಗೆ. ಇವರು ಬದುಕಿರುವವರ ಹೊಟ್ಟೆ ಕೆಡದಿರಲಿ ಎಂದು. ಅಣೆಯನ್ನು ಸದ್ದುಗದ್ದಲವಿಲ್ಲದೆ, ತರಾತುರಿಯಲ್ಲಿ ತೆರೆದರಂತೆ. ಕಾರಣ, ಕೆಳಗಿನ ಸೇಂಟ್ ಲೂಯಿಸ್ ನಗರದವರು ತಡೆಯಾಜ್ಞೆ ತರುವ ಭಯ. ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೇ ಹೋಯಿತು, 1906ರಲ್ಲಿ ಸೋತಿತು. ಕಾವೇರಿ ವ್ಯಾಜ್ಯ ಕೇಳಿ ಬೆಳೆದ ಮೈಸೂರಿನವರು ನಾವು, ನಗದೆ ಇರಲಾಗಲಿಲ್ಲ. ನಮ್ಮಲ್ಲಿ ಕೆಳಗಿನವರು ನೀರು ಬಿಡಲಿಲ್ಲವೆಂದು ಕೋರ್ಟಿಗೆ ಹೋಗುತ್ತಾರೆ. ಇಲ್ಲಿ ಬಿಟ್ಟರೆಂದು ಹೋದರು! ಮಗಳು ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮೇಡಂ ನಿಂತಲ್ಲೇ ನಿಂತು ನಕ್ಕರು. ಮುಂದಿನ ತಂಡಕ್ಕೆ ಹೇಳುತ್ತೇನೆ ಎಂದು ಬರೆದೂ ಇಟ್ಟುಕೊಂಡರು.

ನೆತ್ತಿಯ ಮೇಲೆ ಎಲ್ ರೈಲು ಗಡಗಡ ಎನ್ನುತ್ತ ಹೋಗುವ ಲೇಕ್ ಸ್ಟ್ರೀಟನ್ನು ದಾಟಿ ಲಸಾಲ್ ಸ್ಟ್ರೀಟ್ ಹಿಡಿದೆವು. ಕಬ್ಬಿಣದ ಕಂಬಗಳ ಮೇಲೆ 1897ರಿಂದ ಆ ರೈಲು ಪೇಟೆಗೆ ಪ್ರದಕ್ಷಿಣೆ ಹಾಕುತ್ತಿದೆ. ಪಿಕಾಸೊ 1967ರಲ್ಲಿ ಮಾಡಿಕೊಟ್ಟ 50 ಅಡಿಯ ಉಕ್ಕಿನ ಶಿಲ್ಪವನ್ನೂ ಪಕ್ಕದ ಚೌಕದಲ್ಲಿ ನೋಡಿದೆವು. ಹೆಂಗಸೋ ನಾಯಿಯೋ ಬಬೂನೋ ಎಂದು ಊರಿನವರು ಇನ್ನೂ ಜಗಳಾಡುತ್ತಾರೆ. ಮಕ್ಕಳು ಅದರ ಬುಡವನ್ನು ಜಾರುಬಂಡೆ ಮಾಡಿಕೊಂಡಿದ್ದರು. ಅದೇ ಸರಿಯಾದ ವಿಮರ್ಶೆ ಎನಿಸಿತು.

ಆಡಮ್ಸ್ ಸ್ಟ್ರೀಟಿನ ಮೂಲೆಯಲ್ಲಿ ಮೇಡಂ ನಿಂತರು. ಆ ನೀರಿನ ಟ್ಯಾಂಕು ಇದ್ದದ್ದು ಇಲ್ಲೇ. 1871ರ ಅಕ್ಟೋಬರಿನ ಮಹಾ ಬೆಂಕಿಯಲ್ಲಿ 17,000ಕ್ಕೂ ಹೆಚ್ಚು ಕಟ್ಟಡಗಳು ಉರಿದು, ಸುಮಾರು ಒಂದು ಲಕ್ಷ ಜನ ಬೀದಿಗೆ ಬಿದ್ದಾಗ, ಇಂಗ್ಲೆಂಡಿನ ಬರಹಗಾರರೂ ವಿಕ್ಟೋರಿಯಾ ರಾಣಿಯೂ ಸೇರಿ ಶಿಕಾಗೊಗೆ ಪುಸ್ತಕಗಳನ್ನು ಕಳಿಸಿದರು. ಅವನ್ನಿಡಲು ಊರಿನಲ್ಲಿ ಕಟ್ಟಡವೆಲ್ಲಿ? ಸುಡದೆ ಉಳಿದಿದ್ದ ಕಬ್ಬಿಣದ ಟ್ಯಾಂಕಿನೊಳಗೆ ಕಪಾಟು ಹೊಡೆದು 1873ರಲ್ಲಿ ಗ್ರಂಥಾಲಯ ತೆರೆದರು. ಅದೇ ಜಾಗದಲ್ಲಿ 1888ರಲ್ಲಿ ಎದ್ದದ್ದು ರೂಕರಿ ಕಟ್ಟಡ. ಹೊರಗೆ ಕೆಂಗಲ್ಲಿನ ಗಾಂಭೀರ್ಯ. ಒಳಗೆ ಕಾಲಿಟ್ಟರೆ ಗಾಜಿನ ಸೂರಿನಿಂದ ಸುರಿಯುವ ಬೆಳಕು, ಬಿಳಿ ಅಮೃತಶಿಲೆಯ ಮೇಲೆ ಚಿನ್ನದ ಗೆರೆಗಳು. ಒಳಾಂಗಣವನ್ನು 1905ರಲ್ಲಿ ಹೊಸದಾಗಿ ಅಲಂಕರಿಸಿದವನು ಫ್ರಾಂಕ್ ಲಾಯ್ಡ್ ರೈಟ್. ಆದರೆ ನಮ್ಮವರ ಕಣ್ಣು ಹೋದದ್ದು ಕೆಳಕ್ಕೇ. ಬಂಡೆ ಇರುವುದು ಬಹಳ ಆಳದಲ್ಲಿ. ಅಷ್ಟು ಆಳಕ್ಕೆ ಹೋಗಲಾರದ ಕಾಲದಲ್ಲಿ ಜಾನ್ ರೂಟ್ ಎಂಬ ವಾಸ್ತುಶಿಲ್ಪಿ ರೈಲುಹಳಿಗಳನ್ನು ಅಡ್ಡಡ್ಡ ಉದ್ದುದ್ದ ಪೇರಿಸಿ, ಕಾಂಕ್ರೀಟು ಸುರಿದು ತೆಪ್ಪ ಕಟ್ಟಿ, ಅದರ ಮೇಲೆ ಕಟ್ಟಡ ಕೂರಿಸಿದ. ಈ ಜೇಡಿಯ ಮೇಲೆ ರೂಕರಿ ತೇಲುತ್ತಿದೆ. ಯಜಮಾನರು ಅಮೃತಶಿಲೆಯ ನೆಲವನ್ನು ಬೂಟುಕಾಲಲ್ಲಿ ಎರಡು ಸಲ ತಟ್ಟಿದರು. ಕಾವಲುಗಾರ ತಿರುಗಿ ನೋಡಿದ.

ಬೀದಿಯ ಕೊನೆಗೆ ಅಡ್ಡನಿಂತದ್ದು 1930ರ ಬೋರ್ಡ್ ಆಫ್ ಟ್ರೇಡ್. ಗೋಧಿ, ಮೆಕ್ಕೆಜೋಳ, ಸೋಯಾದ ಧಾರಣೆಗೆ ಲೋಕವೆಲ್ಲ ಶಿಕಾಗೊ ಕಡೆ ನೋಡುತ್ತದೆ. ಅದರ ನೆತ್ತಿಯಲ್ಲಿ ಸೀರೀಸ್ ಎಂಬ ಧಾನ್ಯದೇವತೆಯ ಅಲ್ಯೂಮಿನಿಯಂ ಮೂರ್ತಿ. ದೇವಿಗೆ ಮುಖವಿಲ್ಲ! ಅಷ್ಟು ಎತ್ತರಕ್ಕೆ ಬಂದು ಯಾರು ನೋಡುತ್ತಾರೆ ಎಂದು ಶಿಲ್ಪಿ ಕಣ್ಣು ಮೂಗು ಕೆತ್ತದೆ ಬಿಟ್ಟನಂತೆ. ಈಗ ಸುತ್ತಲಿನ ಗೋಪುರಗಳ ಕಿಟಕಿಗಳಿಂದ ಗುಮಾಸ್ತರೆಲ್ಲ ಆ ಬೋಳು ಮುಖವನ್ನೇ ನೋಡುತ್ತ ಕೆಲಸ ಮಾಡುತ್ತಾರೆ.

ನನ್ನನ್ನು ಕೇಳಿದರೆ ಆ ದಿನದ ಶಿಖರ ಮೊನಾಡ್‌ನಾಕ್. ಜ್ಯಾಕ್ಸನ್ ಮತ್ತು ಡಿಯರ್‌ಬಾರ್ನ್ ಬೀದಿಗಳು ಕೂಡುವಲ್ಲಿ ನಿಂತ ಕಂದು ಇಟ್ಟಿಗೆಯ ಕಟ್ಟಡ. ಒಂದು ಹೂಬಳ್ಳಿಯಿಲ್ಲ, ಗಿಳಿಯಿಲ್ಲ, ಒಂದು ಗೆರೆ ಹೆಚ್ಚಿಲ್ಲ. 1891ರಲ್ಲಿ ಮುಗಿದ ಉತ್ತರದ ಅರ್ಧ 16 ಅಂತಸ್ತು. ಅಷ್ಟೂ ಭಾರವನ್ನು ಹೊರುವುದು ಹೊರಗೋಡೆಗಳು, ಬುಡದಲ್ಲಿ ಆರಡಿ ದಪ್ಪ. ಎರಡೇ ವರ್ಷಕ್ಕೆ ಎದ್ದ ದಕ್ಷಿಣದ ಅರ್ಧಕ್ಕೆ ಉಕ್ಕಿನ ಹಂದರ; ಗೋಡೆ ಅಲ್ಲಿ ಬರೀ ಹೊದಿಕೆ. ಬೀದಿ ದಾಟಿ ನಿಂತು ಉತ್ತರದಿಂದ ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಸಾಕು, ಸಾವಿರಾರು ವರ್ಷಗಳ ಗೋಡೆ ಕಟ್ಟುವ ವಿದ್ಯೆ ಒಂದು ಗೆರೆಯಲ್ಲಿ ಮುಗಿದು ಗಗನಚುಂಬಿಗಳ ಕಾಲ ಶುರುವಾಗುವುದು ಕಾಣುತ್ತದೆ. ಹಳೆಯ ಅರ್ಧದ ಭಾರಕ್ಕೆ ಜೇಡಿ ಸುಮ್ಮನಿರಲಿಲ್ಲ. ಕಟ್ಟಡ ಸುಮಾರು 20 ಇಂಚು ಕುಸಿದಿದೆ. ಬಾಗಿಲಿಗೆ ಹತ್ತುವ ಬದಲು ಇಳಿಯಬೇಕು. ಯಜಮಾನರು ಆ ಇಳಿತವನ್ನು ಅಳೆದು ನೋಡಿದ್ದೇ ನೋಡಿದ್ದು. "ಕುಸಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಿದ್ರಂತೆ ಕಣೇ, ಲೆಕ್ಕ ತಪ್ಪಿದೆ. ಆದ್ರೂ ಬಿರುಕಿಲ್ಲ ನೋಡು!" ಅವರ ಕಣ್ಣು ಒದ್ದೆಯಾಗಿತ್ತು ಎಂದರೆ ನನ್ನ ಮಗಳು ಒಪ್ಪುವುದಿಲ್ಲ, ಗಾಳಿಗೆ ಎನ್ನುತ್ತಾಳೆ.

ಅಲ್ಲಿಂದಲೇ ಪಶ್ಚಿಮಕ್ಕೆ ಬೊಟ್ಟು ಮಾಡಿ ಮೇಡಂ ವಿಲಿಸ್ ಟವರ್ ತೋರಿಸಿದರು: 110 ಅಂತಸ್ತು, 442 ಮೀಟರ್. ಒಂಬತ್ತು ಚೌಕ ಕೊಳವೆಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದ ಹಾಗೆ ಅದರ ರಚನೆ. ಆ ಉಪಾಯ ಹೂಡಿದವರು ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಟವರಿನ ಬುಡದ ಬೀದಿಗೆ ಅವರ ಹೆಸರಿಟ್ಟಿದ್ದಾರೆ. ಮೇಲಕ್ಕೆ ಹೋಗುತ್ತೀರಾ ಎಂದರು, ಬೇಡವೆಂದೆವು.

ಮಿಷಿಗನ್ ಅವೆನ್ಯೂ ಸೇರುವ ಹೊತ್ತಿಗೆ ನನ್ನ ಮಂಡಿ ಮಾತಾಡಲು ಶುರುಮಾಡಿತ್ತು. ಎದುರಿಗೆ ಆರ್ಟ್ ಇನ್‌ಸ್ಟಿಟ್ಯೂಟ್, ಪಕ್ಕದ ಕಂಬದಲ್ಲಿ ಕಂದು ಫಲಕ: ಸ್ವಾಮಿ ವಿವೇಕಾನಂದ ವೇ. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಕೂಡಿದ್ದು ಈ ಕಟ್ಟಡದಲ್ಲೇ. ಫೋಟೋಗಳಲ್ಲಿ ತಪ್ಪದೆ ಕಾಣುವ ಎರಡು ಕಂಚಿನ ಸಿಂಹಗಳು ಬಂದದ್ದು ಮರುವರ್ಷ. ಸ್ವಾಮಿಗಳು ಅವನ್ನು ದಾಟಿ ಒಳಹೋಗಲಿಲ್ಲ. ಅವರು ಮಾತಾಡಿದ ತಾತ್ಕಾಲಿಕ ಸಭಾಂಗಣವೂ ಈಗಿಲ್ಲ. "ಕಾಲ ಕೆಳಗೆ ಏನಿದೆ ಗೊತ್ತೆ?" ಎಂದರು ಮೇಡಂ. ಆ ಅವೆನ್ಯೂ ಒಂದು ಕಾಲಕ್ಕೆ ಸರೋವರದ ದಂಡೆ. ಬೆಂಕಿಯ ಬೂದಿ, ಇಟ್ಟಿಗೆ, ಇದ್ದಿಲನ್ನೆಲ್ಲ ನೀರಿಗೆ ಸುರಿದು ಹೊಸ ನೆಲ ಮಾಡಿದರು. ಆ ನೆಲದ ಮೇಲೆ ಈ ಕಟ್ಟಡ ನಿಂತಿದೆ.

ಹಿಂದಿನ ವರ್ಷ ಬೆಳಗಾವಿ, ಬೆಂಗಳೂರು, ಮೈಸೂರುಗಳಲ್ಲಿ ಓಡಾಡಿ, ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸನ್ಯಾಸಿಗೆ ಶಿಕಾಗೊದಲ್ಲಿ ಮಲಗಲು ಸಿಕ್ಕಿದ್ದು ರೈಲು ಯಾರ್ಡಿನ ಒಂದು ಖಾಲಿ ಪೆಟ್ಟಿಗೆ. ಸಮ್ಮೇಳನದವರ ವಿಳಾಸ ಕಳೆದುಹೋಗಿತ್ತು. ಬೆಳಿಗ್ಗೆ ದೊಡ್ಡವರ ಮನೆಗಳ ಬಾಗಿಲಲ್ಲಿ ದಾರಿ ಕೇಳಿ, ಬೈಸಿಕೊಂಡು, ಸೋತು ರಸ್ತೆಯ ಪಕ್ಕ ಕೂತಾಗ ಎದುರು ಮನೆಯಿಂದ ಶ್ರೀಮತಿ ಹೇಲ್ ಎಂಬವರು ಇಳಿದು ಬಂದರು. ಒಳಗೆ ಕರೆದು ತಿಂಡಿ ಕೊಟ್ಟು, ತಾವೇ ಜೊತೆಗೆ ಬಂದು ಸಮ್ಮೇಳನದ ಕಚೇರಿ ಮುಟ್ಟಿಸಿದರು. ಭಾಷಣದ ಕಥೆ ನಮಗೆ ಶಾಲೆಯಲ್ಲೇ ಬಾಯಿಪಾಠ. ಈ ನಡಿಗೆಯನ್ನು ಮಾತ್ರ ಯಾವ ಮೇಷ್ಟರೂ ಹೇಳಿರಲಿಲ್ಲ. ನಾನು ಹೇಳಿದಾಗ ಮೇಡಂಗೂ ಹೊಸತು. ಫೈಲಿನ ಚೀಟಿಯಲ್ಲಿ ಕಾವೇರಿಯ ಕೆಳಗೆ ಹೇಲ್ ಹೆಸರೂ ಸೇರಿತು.

ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರರ, ಹುರುಳಿಕಾಳಿನಂಥ ಉಕ್ಕಿನ ಶಿಲ್ಪದ ಬಳಿ ಮೇಡಂರನ್ನು ಬೀಳ್ಕೊಟ್ಟೆವು. ಅದಿರುವ ಮಿಲೇನಿಯಂ ಪಾರ್ಕಿನ ಕೆಳಗೂ ನೆಲವಿಲ್ಲ, ರೈಲುಹಳಿ ಮತ್ತು ಕಾರು ನಿಲ್ದಾಣ. ಯಜಮಾನರು ಮುಜುಗರದಿಂದ ತೆಗೆದ ಲಕೋಟೆಯನ್ನು ಮೇಡಂ ಮುಟ್ಟಲಿಲ್ಲ. ನಾನು ಕೊಟ್ಟ ಮೈಸೂರು ಸ್ಯಾಂಡಲ್ ಸೋಪನ್ನು ಮಾತ್ರ ಮೂಸಿ ಮೂಸಿ ಚೀಲಕ್ಕೆ ಹಾಕಿಕೊಂಡರು. ಕಾರ್ಪೆಟ್ ಅಂಗಡಿ ಬರಲೇ ಇಲ್ಲ.

ಮಾರನೆಯ ದಿನ ಪಾರ್ಕಿನಡಿಯ ರೈಲು ಹಿಡಿದು, ಮೇಡಂ ಇಲ್ಲದೆ, ಹೈಡ್ ಪಾರ್ಕಿಗೆ ಹೋದೆವು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ, 1993ರಲ್ಲಿ ತೀರಿಕೊಳ್ಳುವವರೆಗೆ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅವರು ವಚನಗಳನ್ನು ಇಂಗ್ಲಿಷಿಗೆ ತಂದ ಪುಸ್ತಕ ಬಂದದ್ದು, 'ಹೊಕ್ಕುಳಲ್ಲಿ ಹೂವಿಲ್ಲ'ದಂಥ ಕನ್ನಡ ಕವಿತೆಗಳು ಹೊರಟದ್ದು ಈ ಊರಿನಲ್ಲಿದ್ದ ಕಾಲದಲ್ಲೇ. ಅವರ ಕಾಗದಪತ್ರಗಳು ರೆಗೆನ್‌ಸ್ಟೈನ್ ಗ್ರಂಥಾಲಯದ ವಿಶೇಷ ಸಂಗ್ರಹದಲ್ಲಿವೆ. ಅಲ್ಲೂ ನಾವು ನೆಲ ನೋಡಿದೆವು. ಗ್ರಂಥಾಲಯದ ಪಕ್ಕದ ಗಾಜಿನ ಗುಮ್ಮಟದಡಿ, 50 ಅಡಿ ಆಳದ ನೆಲಮಾಳಿಗೆಯಲ್ಲಿ ಲಕ್ಷಾಂತರ ಪುಸ್ತಕಗಳು. ಬೇಕೆಂದಾಗ ಯಂತ್ರವೇ ಹುಡುಕಿ ಮೇಲಕ್ಕೆ ತರುತ್ತದೆ. ಅದಕ್ಕೆ ಹತ್ತಿದಂತೆ ಹೆನ್ರಿ ಮೂರ್‌ನ ಕಂಚಿನ ಶಿಲ್ಪ. 1942ರ ಡಿಸೆಂಬರ್ 2ರಂದು, ಅಲ್ಲಿದ್ದ ಕ್ರೀಡಾಂಗಣದ ಮೆಟ್ಟಿಲುಗಳಡಿಯ ಆಟದ ಕೋಣೆಯಲ್ಲಿ, ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಪರಮಾಣು ಸರಣಿ ಕ್ರಿಯೆಯನ್ನು ಮನುಷ್ಯನ ಹಿಡಿತದಲ್ಲಿ ಮೊದಲ ಸಲ ನಡೆಸಿದ ಜಾಗ ಅದು.

ನಾವು ಹಾಗೆ ನಿಂತಿದ್ದಾಗ ಬೆನ್ನುಚೀಲದ ಇಬ್ಬರು ಹುಡುಗರು ಬಂದು, ಪೇಟೆಗೆ ಹೋಗುವ ಬಸ್ಸು ಎಲ್ಲಿ ಸಿಗುತ್ತದೆ ಎಂದು ಯಜಮಾನರನ್ನು ಕೇಳಿದರು. ಇವರು ಅವರನ್ನು ಶಿಲ್ಪದ ಎದುರಿಗೆ ತಿರುಗಿಸಿ ನಿಲ್ಲಿಸಿ ಫರ್ಮಿಯಿಂದ ಶುರುಮಾಡಿದರು. ಅಲ್ಲಿಂದ ರಾಮಾನುಜನ್, ರಾಮಾನುಜನ್‌ರಿಂದ ಮೈಸೂರು, ಮೈಸೂರಿನಿಂದ ಜೇಡಿಮಣ್ಣು. ಮೊನಾಡ್‌ನಾಕಿನ 20 ಇಂಚಿಗೆ ಬರುವಷ್ಟರಲ್ಲಿ ಒಂದು ಬಸ್ಸು ಹೋಯಿತು. ಹುಡುಗರು ಅದನ್ನು ನೋಡಿದರು, ಮಗಳು ನನ್ನನ್ನು ನೋಡಿದಳು. ಇವರು ಇನ್ನೂ ಹಳಿಗಳನ್ನು ಅಡ್ಡಡ್ಡ ಪೇರಿಸುತ್ತಿದ್ದರು.