ಮೂರು ಬಣ್ಣದ ರೈಲು, ನಾಲ್ಕು ವರ್ಷದ ಪ್ರಯಾಣಿಕರು

ಬೆಂಗಳೂರಿನ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಲಾಲ್‌ಬಾಗಿನಲ್ಲಿ ಇಳಿಯಬಹುದು. ವೈಟ್‌ಫೀಲ್ಡಿನಿಂದ ಹೊರಟ ನೇರಳೆ ಮಾರ್ಗದ ರೈಲು ನೇರ ಕಬ್ಬನ್ ಪಾರ್ಕಿಗೆ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಹಳದಿ ಮಾರ್ಗ ಬಂತು; ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಲಾಲ್‌ಬಾಗ್ ಮೂರನೆಯ ನಿಲ್ದಾಣ. ಬೆಳಿಗ್ಗೆ ಹತ್ತೂವರೆಗೆ ಆಫೀಸಿನವರ ನೂಕುನುಗ್ಗಲು ಕರಗಿದ ಮೇಲೆ, ಮುಂದಿನವರ ಅಂಗಿ ಹಿಡಿದು ಸಾಲಾಗಿ ಹತ್ತುವ ಪುಟಾಣಿಗಳಿಗೆ ಈ ಬೋಗಿಗಳಲ್ಲಿ ಬೇಕಾದಷ್ಟು ಜಾಗವಿದೆ.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ನಾಲ್ಕು ವರ್ಷದ ಮಗುವಿಗೆ ಆ ಲೆಕ್ಕ ಬೇಡ. ಅದು ಕೈಕಾಲೂರಿ ಹತ್ತುತ್ತದೆ, ಅಂಗೈಗೆ ಕಲ್ಲಿನ ಕಾವು ತಾಗುತ್ತದೆ, ಇಳಿಜಾರಿನಲ್ಲಿ ಮೈಯನ್ನು ಹೇಗೆ ಹಿಡಿಯಬೇಕೆಂದು ತಾನಾಗಿಯೇ ಕಂಡುಕೊಳ್ಳುತ್ತದೆ. ರಬ್ಬರ್ ಹಾಸಿದ ಆಟದಂಗಳದಲ್ಲಿ ಈ ಪಾಠ ಸಿಗುವುದಿಲ್ಲ.

ಪೀಣ್ಯದ ಶೆಡ್ಡುಗಳ ಹಿಂದಿನ ವಠಾರದ ಮಗುವಿಗೆ ಬಾಗಿಲು ದಾಟಿದರೆ ಲಾರಿ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಮಗುವಿಗೆ ಗೇಟು ದಾಟಿದರೆ ಸ್ಕೂಲ್ ವ್ಯಾನು. ನಿಮ್ಮೂರು ಯಾವುದು ಎಂದರೆ ಒಂದು ರಾಯಚೂರು ಎನ್ನುತ್ತದೆ, ಇನ್ನೊಂದು ಪಟ್ನಾ. ತಾವು ಬೆಳೆಯುತ್ತಿರುವ ಊರನ್ನು ಎರಡೂ ನಡೆದು ನೋಡಿಲ್ಲ.

ಬಯಲಿನ ಲಾಭಕ್ಕೆ ಗಟ್ಟಿ ಆಧಾರವೂ ಇದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆದ ಮಕ್ಕಳಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಸಮೀಪದೃಷ್ಟಿ ದೋಷ ಬಂತು; ಉಳಿದವರಲ್ಲಿ ಆ ಪ್ರಮಾಣ ಶೇ 40ರ ಹತ್ತಿರ. ಅಪರೂಪಕ್ಕೊಮ್ಮೆ ಮಾಡುವ ಪ್ರವಾಸದಿಂದ ಈ ಫಲ ಸಿಗದು, ನಿಜ. ಅದಕ್ಕೇ ಹತ್ತಿರದ ಜಾಗಗಳು ಮುಖ್ಯ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಅಂಥದ್ದೊಂದು ಜಾಗ. ಹಾಳುಬಿದ್ದಿದ್ದ ಸುಮಾರು 48 ಎಕರೆಯ ಈ ಕೆರೆಗೆ, 2009ರ ಸುಮಾರಿಗೆ ಸುತ್ತಲಿನ ನಿವಾಸಿಗಳು, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರಂಥ ತಜ್ಞರು ಮತ್ತು ಬಿಬಿಎಂಪಿ ಕೈಜೋಡಿಸಿ ಮರುಜೀವ ಕೊಟ್ಟರು. ಪಕ್ಕದಲ್ಲೇ ಸರ್ಕಾರಿ ಶಾಲೆ. ಇಲ್ಲಿ ನಡೆದ ಕೆರೆ ಹಬ್ಬಗಳಿಗೆ ಹಳ್ಳಿಯ ಮಕ್ಕಳೂ ಬಂದರು, ಅಪಾರ್ಟ್‌ಮೆಂಟಿನ ಮಕ್ಕಳೂ ಬಂದರು. ಹೊರಸಂಚಾರದ ಅತಿ ದೊಡ್ಡ ಲಾಭ ಇದೇ. ಬೇರೆ ಬೇರೆ ಯೂನಿಫಾರ್ಮಿನ ಎರಡು ಮಕ್ಕಳು ನೀರುಕಾಗೆ ಮುಳುಗಿ ಎಲ್ಲಿ ಏಳುತ್ತದೆಂದು ಒಟ್ಟಿಗೆ ಕಾಯುವಾಗ, ಒಂದರ ಬಾಯಿಯ ಕನ್ನಡ ಇನ್ನೊಂದರ ಬಾಯಿಗೆ ಸಲೀಸಾಗಿ ದಾಟುತ್ತದೆ.

ಅಂಚೆ ಕಚೇರಿ, ಅಗ್ನಿಶಾಮಕ ಠಾಣೆ, ವಾರದ ಸಂತೆ ಕೂಡ ಇಷ್ಟೇ ಚೆನ್ನ. ಒಂದು ಬೆಳಿಗ್ಗೆಗೆ ಒಂದೇ ಜಾಗ ಸಾಕು. ಎರಡಾದರೆ ಮಕ್ಕಳು ಸುಸ್ತಾಗಿ ಅಳುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ತಾಯಂದಿರಿಗೆ ಟಿಕೆಟ್ ಖರ್ಚಿಲ್ಲ. ಆದರೆ ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿ ಇಬ್ಬರೇ ಇಪ್ಪತ್ತು ಮಕ್ಕಳನ್ನು ರಸ್ತೆ ದಾಟಿಸುವುದು ಅಪಾಯ. ನಾಲ್ಕು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಜೊತೆಗಿರಬೇಕು. ಅಪಾರ್ಟ್‌ಮೆಂಟ್ ಸಂಘಗಳು ತಮ್ಮ ಮಕ್ಕಳನ್ನು ಕರೆದೊಯ್ಯುವ ದಿನವೇ ಪಕ್ಕದ ಬೀದಿಯ ಅಂಗನವಾಡಿಗೂ ಹೇಳಿಕಳುಹಿಸಿದರೆ ಕೈಗಳ ಕೊರತೆ ನೀಗುತ್ತದೆ. ನಿವೃತ್ತ ಅಜ್ಜ-ಅಜ್ಜಿಯರು ಆ ಕಟ್ಟಡಗಳಲ್ಲಿ ಬೇಕಾದಷ್ಟಿದ್ದಾರೆ. ಹೊರಡುವ ಮೊದಲು ಅವರು ವಿಚಾರಿಸಿಕೊಳ್ಳಬೇಕಾದ್ದು ಎರಡೇ: ಹೋದಲ್ಲಿ ಕುಡಿಯುವ ನೀರು ಇದೆಯೇ, ಶೌಚಾಲಯದ ಬೀಗ ತೆಗೆದಿರುತ್ತದೆಯೇ.